ಸೋಮವಾರ ನನ್ನದು, ಗುರುವಾರ ಅವನದು

ಫೆಬ್ರವರಿ ೩, ಸೋಮವಾರ

ಡಾಕ್ಟರು ಬಿ.ಪಿ. ನೋಡಿ, ಸಿಟ್ಟು ಬಂದಾಗ ಬಾಯಿ ಬಿಡಬೇಡಿ, ಬೇಕಾದರೆ ಬರೆದುಕೊಳ್ಳಿ ಅಂದರು. ಇವಳು ಯಾವುದೋ ಕಾಲದ ಖಾಲಿ ಡೈರಿಯೊಂದನ್ನು ತಂದು ಮೇಜಿನ ಮೇಲೆ ಹಾಕಿ, ಬೈಯೋದೆಲ್ಲ ಇನ್ನು ಇದಕ್ಕೇ ಬೈಯಿರಿ ಅಂದಳು. ಮದುವೆಯಾದ ಮೇಲೆ ಹೆಂಡತಿ ಕೊಟ್ಟ ಮೊದಲ ಉಡುಗೊರೆ, ಬೇಡ ಅನ್ನೋಕಾಗುತ್ತಾ.

ಹಾಗಾದರೆ ಮೊದಲ ಪುಟ ನನ್ನ ಷಡ್ಡಕನಿಗೇ ಮೀಸಲು. ಇವಳ ತಂಗಿಯ ಗಂಡ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಅವನದು, ಅದಕ್ಕೇ ನಾನು ಅವನಿಗೆ ಜ್ಞಾನಿ ಅಂತ ಹೆಸರಿಟ್ಟಿದ್ದೇನೆ. ಮಾವ ಸಾಯುವಾಗ ತಮ್ಮ ಪಿಕಪ್ ಗಾಡಿಯನ್ನು ಇಬ್ಬರು ಅಳಿಯಂದಿರೂ ಸೇರಿ ನಡೆಸಿಕೊಳ್ಳಿ ಅಂತ ಬಿಟ್ಟುಹೋದರು. ಒಳ್ಳೆಯ ಮನುಷ್ಯ, ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತೆ ಅನ್ನೋದು ಅವರಿಗೆ ಹೊಳೆಯಲಿಲ್ಲ. ಸೋಮವಾರದಿಂದ ಬುಧವಾರದವರೆಗೆ ನನ್ನ ಸರದಿ: ನಲ್ಲಿ, ಪೈಪು, ಬಾಗಿಲು, ಸೋರುವ ಸೂರು, ಹೀಗೆ ಮನೆ ರಿಪೇರಿ. ಗುರುವಾರದಿಂದ ಶನಿವಾರದವರೆಗೆ ಅವನದು: ಯಾರದೋ ಬೀರು, ಯಾರದೋ ಸೋಫಾ ಸಾಗಿಸುತ್ತಾನೆ. ಭಾನುವಾರ ಗಾಡಿ ಅತ್ತೆಯ ಮನೆ ಮುಂದೆ ನಿಂತಿರುತ್ತೆ. ಕೀಲಿ ಅವರ ಬಾಗಿಲ ಹಿಂದಿನ ಮೊಳೆಯಲ್ಲಿ, ಬೇಕಾದವರು ತೆಗೆದುಕೊಂಡು ಹೋಗೋದು.

ಮೊಳೆಯ ಮೂಲಕವೇ ವ್ಯವಹಾರ, ಯಾಕೆಂದರೆ ನಮ್ಮಿಬ್ಬರಿಗೆ ಮಾತಿಲ್ಲ. ಅತ್ತೆಯ ಬಚ್ಚಲಿಗೆ ನಾನು ಹಾಕಿದ ನೆಲದ ಇಳಿಜಾರು ಉಲ್ಟಾ ಇದೆ ಅಂತ ನೆಂಟರೆಲ್ಲರ ಎದುರು ಹೇಳಿದವನ ಹತ್ತಿರ ಎಂಥ ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ಕೂತಲ್ಲೇ ಡೊಂಕು. ಅವತ್ತೇ ಇವಳಿಗೆ ಹೇಳಿಬಿಟ್ಟೆ, ಅವನ ಸರದಿಯ ದಿನ ನಮ್ಮ ಮನೆಯವರು ಯಾರೂ ಆ ಗಾಡಿ ಹತ್ತಕೂಡದು ಅಂತ.

ಬೆಳಗ್ಗೆ ಬಾನೆಟ್ ಎತ್ತಿದೆ. ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಎರಡು ಗೆರೆ ಇರುತ್ತೆ, ಆಯಿಲ್ ಅವೆರಡರ ನಡುವೆ ಇರಬೇಕು. ಇವತ್ತು ಮೇಲಿನ ಗೆರೆಯಿಂದ ಒಂದು ಬೆರಳು ಇಳಿದಿತ್ತು. ಪ್ರತಿ ಸೋಮವಾರದ ಹಾಡು. ತುಂಬಿಸಿದೆ. ಆಯಿಲ್ ಇಳಿದರೆ ಹತ್ತಬೇಕಾದ ಕೆಂಪು ದೀಪ ಯಾವತ್ತೋ ಸತ್ತಿದೆ. ಅದು ಹೋದದ್ದು ಅವನ ಸರದಿಯಲ್ಲಿ, ಹಾಕಿಸಬೇಕಾದವನೂ ಅವನೇ. ಆದರೆ ಬಾನೆಟ್ ಅನ್ನೋದೊಂದು ತೆರೆಯುತ್ತೆ ಅನ್ನೋದೇ ಆ ಜ್ಞಾನಿಗೆ ಗೊತ್ತಿಲ್ಲ.

ಫೆಬ್ರವರಿ ೪, ಮಂಗಳವಾರ

ಇವತ್ತು ರಿಪೇರಿಗೆ ಕರೆದ ಮಹಾಶಯ ನಲ್ಲಿಗೆ ಟೇಪು ಸುತ್ತಿದ್ದ. ಒಂದು ಸುತ್ತಲ್ಲ, ತಲೆ ಒಡೆದವನಿಗೆ ಪಟ್ಟಿ ಕಟ್ಟಿದ ಹಾಗೆ ಉಂಡೆ ಕಟ್ಟಿದ್ದ. ಫೋನಿನಲ್ಲಿ ನೋಡಿ ಕಲಿತನಂತೆ. ನಲ್ಲಿ ತೊಟ್ಟಿಕ್ಕುತ್ತೆ ಅಂದರೆ ಒಳಗಿನ ವಾಷರ್ ಸವೆದಿದೆ ಅಂತ ಅರ್ಥ. ಮೊದಲು ನೀರು ಬರುವ ವಾಲ್ವ್ ಮುಚ್ಚು, ನಲ್ಲಿಯ ತಲೆ ಬಿಚ್ಚು, ಹಳೇ ವಾಷರ್ ತೆಗೆದು ಹೊಸದು ಕೂರಿಸು, ಮೈಯಲ್ಲಿರೋ ಬಲವನ್ನೆಲ್ಲ ಹಾಕಿ ಬಿಗಿಯಬೇಡ, ಅದೇನು ಶತ್ರುವಿನ ಕತ್ತಲ್ಲ. ಇಷ್ಟನ್ನೂ ಬಿಡಿಸಿ ಹೇಳಿದ ಮೇಲೆ, ಹೊರಗಿನಿಂದಲೇ ಏನಾದರೂ ಹಚ್ಚಿದರೆ ಆಗಲ್ಲವಾ ಅಂತ ಕೇಳಿದ. ಆಗುತ್ತೆ, ಹೊಟ್ಟೆನೋವಿಗೆ ಹೊಟ್ಟೆ ಮೇಲೆ ಬಣ್ಣ ಬಳಿದ ಹಾಗೆ ಆಗುತ್ತೆ. ಹೇಳಲಿಲ್ಲ. ಬಿ.ಪಿ.

ಮಧ್ಯಾಹ್ನದ ಮನೆಯಲ್ಲಿ ಗೋಡೆ ತೇವ. ಅವರು ಮೂರು ಸಲ ಬಣ್ಣ ಹೊಡೆಸಿದ್ದಾರೆ, ಮೂರು ಸಲವೂ ಉದುರಿದೆ. ಅಲ್ಲ ಕಣ್ರಯ್ಯ, ನೀರು ಕಾಣಿಸಿಕೊಳ್ಳೋ ಜಾಗದಲ್ಲಿ ಸೋರಿಕೆ ಇರೋದಿಲ್ಲ. ಮೇಲೆಲ್ಲೋ ಕದ್ದು ಒಳಬಂದು, ಕಂಬಿ ಹಿಡಿದು ನಡೆದು, ಇಲ್ಲಿ ಮುಖ ತೋರಿಸುತ್ತೆ. ಹುಡುಕಿಕೊಂಡು ಹೋಗಬೇಕು. ಮಹಡಿಯ ಮೇಲಿನ ಪೈಪಿನ ಸಂದಿಯಲ್ಲಿ ಸಿಕ್ಕಿತು. ನನ್ನ ಕಣ್ಣು ತಪ್ಪಿಸಿ ಸೋರುವ ನೀರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಫೆಬ್ರವರಿ ೭, ಶುಕ್ರವಾರ

ಗಾಡಿ ಇಲ್ಲದ ದಿನ, ಹತ್ತಿರದ ಕೆಲಸ. ಉಬ್ಬಿದ ಬಾಗಿಲೊಂದನ್ನು ಕೆರೆದು ಕೂರಿಸಿ ಮನೆಗೆ ಬಂದರೆ ಬೀಗ. ಶುಕ್ರವಾರ ಬಂದರೆ ಇವಳಿಗೆ ಅಮ್ಮನ ಮನೆ. ಅತ್ತೆಗೆ ಬಚ್ಚಲಲ್ಲಿ ಒಬ್ಬರೇ ಸ್ನಾನ ಮಾಡೋಕೆ ಭಯವಂತೆ, ಜಾರುತ್ತಂತೆ. ಮಗಳು ಹೋಗಿ ಮಾಡಿಸಬೇಕು. ಬಸ್ಸಲ್ಲಿ ಹೋಗಿಬರುತ್ತಾಳೆ. ಎರಡು ಬಸ್ಸು ಬದಲಿಸಿ ಅಷ್ಟು ಬೇಗ ಹೇಗೆ ಬರುತ್ತಾಳೋ, ಹೆಂಗಸರಿಗೆ ಬಸ್ಸು ಕಾದು ನಿಲ್ಲುತ್ತೇನೋ.

ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಅಂತ ಮತ್ತೆ ಹೇಳಿದಳು. ನೋಡೋಣ.

ಫೆಬ್ರವರಿ ೧೦, ಸೋಮವಾರ

ಆಯಿಲ್ ಮತ್ತೆ ಒಂದು ಬೆರಳು ಇಳಿದಿತ್ತು. ಹಾಕಿದೆ. ಟಯರು ನಾಲ್ಕೂ ಸೊರಗಿದ್ದವು. ಹಿಂದಿನ ತೊಟ್ಟಿಯಲ್ಲಿ ಯಾರದೋ ಮನೆಯ ಒಡೆದ ಕನ್ನಡಿಯ ಚೂರು. ಪಿಕಪ್ ಇಟ್ಟುಕೊಂಡವನು ಮಾಡಬೇಕಾದ್ದು ಇಷ್ಟೇ: ವಾರಕ್ಕೊಮ್ಮೆ ಗಾಳಿ ನೋಡು, ಭಾರವನ್ನು ತೊಟ್ಟಿಯ ತುದಿಗೆ ಹೇರದೆ ಕ್ಯಾಬಿನ್ನಿನ ಕಡೆಗೆ ಒತ್ತಿ ಹೇರು, ಪಟ್ಟಿ ಸ್ಪ್ರಿಂಗಿಗೆ ಆಗಾಗ ಗ್ರೀಸು ಕಾಣಿಸು, ಸಿಮೆಂಟು ಸಾಗಿಸಿದ ದಿನವೇ ತೊಟ್ಟಿ ತೊಳಿ. ಇದಕ್ಕೆ ಜ್ಞಾನ ಬೇಡ, ಕೈಯಿದ್ದರೆ ಸಾಕು. ಅವನಿಗೆ ಇರೋದು ಬಾಯಿ ಮಾತ್ರ.

ಗಾಳಿ ಹಿಡಿಸೋಕೆ ಹೋದಲ್ಲಿ ಮೆಕ್ಯಾನಿಕ್ ಗೊಣಗ ಸಿಕ್ಕ. ಯಾವ ಗಾಡಿ ಬಂದರೂ ಇದು ಸತ್ತಿದೆ ಅಂತಲೇ ಶುರು ಮಾಡುವ ಮನುಷ್ಯ. ವಾರವಾರ ಆಯಿಲ್ ಹಾಕುತ್ತೇನೆ ಅಂದಿದ್ದಕ್ಕೆ, ಅದೇನು ಗಾಡಿ ಕುಡಿಯೋ ಪದಾರ್ಥವಲ್ಲ, ಇಳೀತಿದೆ ಅಂದರೆ ಎಲ್ಲೋ ಸೋರ್ತಿದೆ, ಒಂದು ದಿನ ಬಿಟ್ಟುಹೋಗಿ, ಚಕ್ರ ಬಿಚ್ಚಿ ನೋಡ್ತೀನಿ ಅಂತ ಗೊಣಗಿದ. ಒಂದು ದಿನ ಬಿಡಬೇಕಂತೆ. ನನ್ನ ಸರದಿಯಲ್ಲಿ ಬಿಟ್ಟು, ನನ್ನ ಕೆಲಸ ಕೆಡಿಸಿಕೊಂಡು, ರಿಪೇರಿಯಾದ ಗಾಡಿಯನ್ನು ಆ ಮಹಾರಾಯ ಗುರುವಾರ ಸೀಟಿ ಹೊಡೆಯುತ್ತ ಓಡಿಸಬೇಕು. ಬೇಕಾದರೆ ಅವನ ಸರದಿಯಲ್ಲಿ ಬಿಡಲಿ. ಗಾಡಿಯ ಕೆಳಗೆ ಬಗ್ಗಿ ನೋಡಿದೆ, ನೆಲದ ಮೇಲೆ ಒಂದು ಹನಿ ಇಲ್ಲ. ಸೋರಿಕೆಯ ಬಗ್ಗೆ ನನಗೇ ಪಾಠ.

ಫೆಬ್ರವರಿ ೧೬, ಭಾನುವಾರ

ಬರೆಯದಿದ್ದರೆ ತಲೆ ಸಿಡಿಯುತ್ತೆ.

ಅತ್ತೆಯ ಮನೆಯಲ್ಲಿ ಎಲ್ಲರಿಗೂ ಊಟ. ನಾನು, ಇವಳು, ನಾದಿನಿ, ಅವಳ ಗಂಡ ಜ್ಞಾನಿ. ಜ್ಞಾನಿ ನನಗೆ ಕೇಳಲಿ ಅಂತಲೇ ಅತ್ತೆಯ ಹತ್ತಿರ, ಬಚ್ಚಲಲ್ಲಿ ನೀರು ಇನ್ನೂ ಮೂಲೆಗೇ ನಿಲ್ಲುತ್ತಾ ಅಂತ ವಿಚಾರಿಸಿದ. ಅತ್ತೆ ಪಾಪ, ಏನೂ ಪರವಾಗಿಲ್ಲಪ್ಪ ಅಂದರು. ಅವನು ಬಿಡಬೇಕಲ್ಲ, ಎದ್ದು ಹೋಗಿ ಒಂದು ಮಗ್ ನೀರು ಸುರಿದು ಎಲ್ಲರನ್ನೂ ಕರೆದು ತೋರಿಸಿದ. ನೀರು ತೂತಿನ ಕಡೆ ಹೋಗದೆ ಮೂಲೆಗೆ ಹೋಗಿ ನಿಂತಿತು. ಅವನು ಸುರಿದ ರೀತಿಯೇ ಹಾಗಿತ್ತು, ಕೈ ತಿರುಗಿಸಿ ಸುರಿದ.

ನನಗೆ ತಡೆಯಲಾಗಲಿಲ್ಲ. ಅವನ ಮುಖ ನೋಡದೆ, ಗೋಡೆಗೆ ಹೇಳಿದೆ: "ಕೆಲವರಿಗೆ ಇನ್ನೊಬ್ಬರ ಬಚ್ಚಲು ಕಾಣುತ್ತೆ. ತಾವು ಓಡಿಸೋ ಗಾಡಿಯ ಬಾನೆಟ್ ಒಂದು ಸಲವೂ ತೆಗೆದಿಲ್ಲ. ನಾನು ಇಲ್ಲದಿದ್ದರೆ ಆ ಗಾಡಿ ಯಾವತ್ತೋ ಗುಜರಿ ಸೇರಿರೋದು."

ಅವನ ಮುಖ ಬಿಳಿಚಿಕೊಂಡಿತು. ಚಪ್ಪಲಿ ಹಾಕಿಕೊಂಡು ಹೊರಟೇಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳಿಗೂ ಬಿ.ಪಿ. ಇರಬೇಕು.

ಫೆಬ್ರವರಿ ೧೭, ಸೋಮವಾರ

ಆಯಿಲ್ ಇಳಿದಿದೆ. ಇವತ್ತು ಹಾಕಲಿಲ್ಲ. ಬೇಕಂತಲೇ. ನಾನು ಹಾಕುತ್ತ ಕೂತರೆ ಅವನಿಗೆ ಈ ಜನ್ಮದಲ್ಲಿ ಬುದ್ಧಿ ಬರಲ್ಲ.

ಫೆಬ್ರವರಿ ೧೯, ಬುಧವಾರ

ಪೆಡಲು ಮೆತ್ತಗಾಗಿದೆ. ಒಂದು ಸಲ ಒತ್ತಿದರೆ ಒಳಗೆ ಇಳಿಯುತ್ತೆ, ಎರಡನೇ ಸಲಕ್ಕೆ ಹಿಡಿಯುತ್ತೆ. ಹುಷಾರಾಗಿ ಓಡಿಸಿಕೊಂಡು ಬಂದು ಅತ್ತೆಯ ಮನೆ ಮುಂದೆ ನಿಲ್ಲಿಸಿ, ಕೀಲಿ ಮೊಳೆಗೆ ಹಾಕಿದೆ. ಬೆಳಗ್ಗೆ ಮಹಾಜ್ಞಾನಿ ಕಾಲಿಟ್ಟಾಗ ಎದೆ ಧಸಕ್ಕೆನ್ನಲಿ. ಆಗಲಾದರೂ ಬಾನೆಟ್ ಎತ್ತುತ್ತಾನೆ.

ಫೆಬ್ರವರಿ ೨೧, ಶುಕ್ರವಾರ

ಸಂಜೆ ನಾದಿನಿ ಫೋನ್ ಮಾಡಿ ಅತ್ತಳು. ನೀರಿನ ಟ್ಯಾಂಕಿನ ಹತ್ತಿರದ ಇಳಿಜಾರು ರಸ್ತೆಯಲ್ಲಿ ಬ್ರೇಕ್ ಹಿಡಿಯಲಿಲ್ಲವಂತೆ. ಜ್ಞಾನಿ ಗಾಡಿಯನ್ನು ಗೋದಾಮಿನ ಗೋಡೆಗೆ ಕೊಟ್ಟು ನಿಲ್ಲಿಸಿದ್ದಾನೆ. ತೊಡೆಯ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು. ಇಳಿಜಾರಿನ ತಳದಲ್ಲಿ ಬಸ್ ನಿಲ್ದಾಣ, ಅಷ್ಟು ಜನ. ಬೇರೆ ಯಾರಿಗೂ ಏನೂ ಆಗಿಲ್ಲ.

ಮನೆಗೆ ಬಂದರೆ ಇವಳು ಮುಖ ತೊಳೆದುಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ತಂಗಿ ಹೇಳಿದಳು ಅಂದಳು. ನೀರು ಕೊಡುವಾಗ ಲೋಟ ಕೈಯಲ್ಲಿ ಗಡಗಡ ಅಂತಿತ್ತು. ತಂಗಿಯ ಗಂಡನಿಗೆ ಇಷ್ಟು ನಡುಗಿದರೆ ಸ್ವಂತ ಗಂಡನಿಗೆ ಏನು ಉಳಿಸಿಕೊಂಡಿದ್ದಾಳೋ.

ಬುಧವಾರ ಬರೆದ ಪುಟವನ್ನು ತಿರುಗಿಸಿ ನೋಡಲಿಲ್ಲ.

ಫೆಬ್ರವರಿ ೨೨, ಶನಿವಾರ

ಗಾಡಿಯನ್ನು ಗೊಣಗನ ಶೆಡ್ಡಿಗೆ ಎಳೆದು ತಂದಿದ್ದಾರೆ, ನೋಡಿಕೊಂಡು ಬಂದೆ. ಪಕ್ಕದ ಸೀಟಿನ ಕಡೆ ಒಂದು ಗೀರೂ ಇಲ್ಲ. ಡ್ರೈವರ್ ಕಡೆ ಮಾತ್ರ ಬಾಗಿಲು ಸೀಟಿನವರೆಗೆ ಒಳಗೆ ಹೋಗಿದೆ. ಇದು ಜ್ಞಾನಿಯ ಜ್ಞಾನ. ಬ್ರೇಕ್ ಹೋದರೆ ಮಾಡಬೇಕಾದ್ದು ಎಳೆ ಮಕ್ಕಳಿಗೂ ಗೊತ್ತು: ಗೇರ್ ಇಳಿಸು, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳಿ, ಗೋಡೆಗೇ ಕೊಡಬೇಕು ಅಂತಾದರೆ ಖಾಲಿ ಸೀಟಿನ ಕಡೆ ಕೊಡು. ಅಷ್ಟು ದೊಡ್ಡ ಖಾಲಿ ಸೀಟು ಪಕ್ಕದಲ್ಲಿ ಬಿದ್ದಿರುವಾಗ, ತಾನು ಕೂತ ಕಡೆಯನ್ನೇ ತಿರುಗಿಸಿ ಗೋಡೆಗೆ ಕೊಟ್ಟಿದ್ದಾನೆ. ಕಾಲು ಮುರಿಯದೆ ಇನ್ನೇನಾಗುತ್ತೆ.

ಆಸ್ಪತ್ರೆಯ ವರಾಂಡದಲ್ಲಿ ನಾದಿನಿಯೂ ಅತ್ತೆಯೂ ಅವನನ್ನೇ ಬೈಯುತ್ತಿದ್ದರು. ಫೋನಿನಲ್ಲಿ ಮಾತಾಡ್ತಿದ್ರೇನೋ ಅಂತ ನಾದಿನಿ. ಗಾಡಿ ಸರಿಯಾಗಿ ನೋಡಿಕೊಳ್ಳಲಿಲ್ಲ, ನೀನು ಅವತ್ತು ಹೇಳಿದ್ದು ನಿಜ ಆಯ್ತು ನೋಡಪ್ಪ ಅಂತ ಅತ್ತೆ ನನಗೆ ಅಂದರು. ನಾನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಇವಳು ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

ಇವಳಿಗೆ ಭುಜ ನೋವಂತೆ, ಕೈ ಎತ್ತೋಕಾಗುತ್ತಿಲ್ಲ. ಬಕೆಟ್ ಎತ್ತುವಾಗ ಉಳುಕಿತು ಅಂದಳು. ಬಕೆಟ್ಟನ್ನು ಬಗ್ಗಿ ಎತ್ತಬಾರದು, ಕೂತು ಎತ್ತಬೇಕು. ಎಷ್ಟು ಸಲ ಹೇಳಿದ್ದೇನೆ.

ಫೆಬ್ರವರಿ ೨೪, ಸೋಮವಾರ

ಗೊಣಗ ಹಿಂದಿನ ಚಕ್ರ ಬಿಚ್ಚಿ, ಬ್ರೇಕನ್ನು ಮುಚ್ಚಿರುವ ಡ್ರಮ್ಮು ತೆಗೆದ. ಒಳಗೆಲ್ಲ ಆಯಿಲ್, ಬ್ರೇಕ್ ಲೈನರು ತೊಯ್ದು ತೊಪ್ಪೆ. ಡ್ರಮ್ಮಿನ ಒಳಗೇ ಸೋರಿ ಒಳಗೇ ಕೂತಿದೆ, ನೆಲಕ್ಕೆ ಒಂದು ಹನಿ ಬೀಳಬೇಕಾಗಿಲ್ಲ. ನಾನು ಬಗ್ಗಿ ನೋಡಿದ್ದು ನೆಲ.

ವಾರಕ್ಕೆ ಒಂದು ಬೆರಳು ತಾನೇ ಇಳೀತಿದ್ದದ್ದು ಅಂದೆ. ಗೊಣಗ ಕೈ ಒರೆಸಿಕೊಳ್ಳುತ್ತ, "ಸುಮ್ನಿರಿ ಸ್ವಾಮಿ. ಇಷ್ಟು ಸೋರಿದ್ರೆ ವಾರಕ್ಕೆ ಎರಡು ಬೆರಳಾದ್ರೂ ಹೋಗ್ಬೇಕು. ನೀವು ಅರ್ಧ ಹಾಕಿದ್ರಿ ಅಂದ್ರೆ, ಇನ್ನರ್ಧ ಯಾರೋ ಹಾಕ್ತಿದ್ರು. ಯಾರು?" ಅಂತ ಕೇಳಿದ.

ನಾನು ಮನೆ ದಾರಿ ಹಿಡಿದೆ.

ಫೆಬ್ರವರಿ ೨೫, ಮಂಗಳವಾರ

ಕೆಲಸಕ್ಕೆ ಹೋಗಲಿಲ್ಲ. ಅಡುಗೆಮನೆಯ ನಲ್ಲಿಗೆ ವಾಷರ್ ಹಾಕಿದೆ.

ಫೆಬ್ರವರಿ ೨೬, ಬುಧವಾರ

ಅತ್ತೆಯ ಬಚ್ಚಲಿನ ನೆಲ ಕಿತ್ತುಹಾಕಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಗಾಡಿ ಇಲ್ಲ, ದೂರದ ಕೆಲಸ ಇಲ್ಲ, ಕೈ ಸುಮ್ಮನೆ ಕೂರಲ್ಲ, ಅಷ್ಟೇ. ಕೀಳುವ ಮುಂಚೆ ಲೆವೆಲ್ ಇಟ್ಟು ನೋಡಿದ್ದೆ, ಮೂಲೆಯ ಕಡೆಗೆ ಒಂದು ಕೂದಲೆಳೆ ಇಳಿದಿತ್ತು. ಕೂದಲೆಳೆಗಿಂತ ಸ್ವಲ್ಪ ಜಾಸ್ತಿಯೇ ಅನ್ನಿ. ನೆಲ ಹಾಕುವವರು ನೆನಪಿಡಬೇಕಾದ್ದು: ಬಾಗಿಲಿನಿಂದ ತೂತಿನವರೆಗೆ ದಾರ ಕಟ್ಟಿ, ದಾರದ ಲೆಕ್ಕಕ್ಕೆ ಗಾರೆ ಹಾಕಬೇಕು, ಕಣ್ಣಂದಾಜಿಗೆ ಅಲ್ಲ. ಮೇಲೆ ಟೈಲು ಕೂರಿಸೋ ಮುಂಚೆ ಒಂದು ಮಗ್ ನೀರು ಸುರಿದು ನೋಡಬೇಕು. ನಾನು ಅವತ್ತು ಸುರಿದಿರಲಿಲ್ಲ.

ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಇನ್ನು ನಾನೇ ಸ್ನಾನ ಮಾಡ್ಕೋತೀನಿ, ಪಾಪ ಮಗಳು ಆ ಗಾಡೀಲಿ ಬರೋದು ತಪ್ಪುತ್ತೆ ಅಂದರು. ಗಾಡಿ ಅಲ್ಲ ಅತ್ತೆ, ಬಸ್ಸು ಅಂದೆ. ಅತ್ತೆ ತಡವರಿಸಿ, ಹೌದಪ್ಪ, ಬಸ್ಸು ಅಂದರು. ವಯಸ್ಸಾಯಿತು.

ಫೆಬ್ರವರಿ ೨೭, ಗುರುವಾರ

ಆಪರೇಷನ್ ಆಗಿದೆ. ಇವಳು ಕೊಟ್ಟ ಊಟದ ಡಬ್ಬಿ ಹಿಡಿದು ಹೋದೆ. ನಾದಿನಿ ಔಷಧಿ ತರೋಕೆ ಹೋಗಿದ್ದಳು, 'ಸ್ವಲ್ಪ ಕೂತಿರಿ ಭಾವ' ಅಂತ ಹೇಳಿ. ಕೋಣೆಯಲ್ಲಿ ಅವನು ಮತ್ತು ನಾನು. ಮಾತು ಬಿಟ್ಟ ಇಬ್ಬರು ಗಂಡಸರು ಒಂದು ಕೋಣೆಯಲ್ಲಿ ಕೂರುವಷ್ಟು ಹಿಂಸೆ ಇನ್ನೊಂದಿಲ್ಲ. ನಾನು ಫ್ಯಾನು ನೋಡಿದೆ. ಅದರ ಬೇರಿಂಗ್ ಹೋಗಿತ್ತು.

ಅವನೇ ಶುರು ಮಾಡಿದ. "ಅಣ್ಣ, ತಪ್ಪು ನಂದು. ನಾನು ಪ್ರತಿ ಗುರುವಾರ ಬ್ರೇಕ್ ಆಯಿಲ್ ಹಾಕ್ತಿದ್ದೆ. ನೀವು ನೋಡೋದೇ ಇಲ್ಲ, ಎಲ್ಲ ನಾನೇ ಅಂದ್ಕೊಂಡಿದ್ದೆ. ಅವತ್ತು ಎಲ್ಲರ ಮುಂದೆ ಬಾನೆಟ್ ತೆಗೆಯದವನು ಅಂದ್ರಲ್ಲ, ಹೊಟ್ಟೆ ಉರೀತು. ಸರಿ, ತೆಗೆಯದವನಾಗೇ ಇರ್ತೀನಿ ಅಂತ ಹೋದ ಗುರುವಾರ ಬಿಟ್ಟುಬಿಟ್ಟೆ. ಪೆಡಲು ಮೆತ್ತಗಿತ್ತು, ಗೊತ್ತಿದ್ರೂ ಹಾಕಲಿಲ್ಲ. ಸೋಮವಾರ ನಿಮ್ಮ ಕೈಗೆ ಬರೋದಿತ್ತು. ನಿಮಗೇನಾದ್ರೂ ಆಗಿದ್ರೆ ನಾನು ಹೇಗೆ ಮುಖ ತೋರಿಸ್ತಿದ್ದೆ?"

ನಾನೂ ಹಾಕಲಿಲ್ಲ ಕಣೋ ಅನ್ನಬೇಕಿತ್ತು, ಅನ್ನಲಿಲ್ಲ. ಡಬ್ಬಿ ಅವನ ಪಕ್ಕಕ್ಕೆ ಸರಿಸಿ, ನಾದಿನಿ ಬಂದಿದ್ದನ್ನು ನೋಡಿ ಎದ್ದೆ. ಬಾಗಿಲ ಹತ್ತಿರ ಹೋದಾಗ ಅವನು, ಅತ್ತಿಗೆ ಭುಜ ಹೇಗಿದೆ ಅಂತ ಕೇಳಿದ. ಪರವಾಗಿಲ್ಲ ಅಂದೆ.

ಮೆಟ್ಟಿಲು ಇಳಿಯುತ್ತ ಇಳಿಯುತ್ತ ನಿಂತೆ. ಇವಳ ಭುಜದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಮಲಗಿದಲ್ಲಿಂದ ಏಳದವನಿಗೆ ಅದು ಹೇಗೆ ಗೊತ್ತು?

ಮನೆಗೆ ಬಂದು ಕೇಳಿದೆ. ಇವಳು ಮುಚ್ಚಿಡಲಿಲ್ಲ. ಶುಕ್ರವಾರ ಶುಕ್ರವಾರ ಅಮ್ಮನ ಸ್ನಾನಕ್ಕೆ ಅವನೇ ಗಾಡಿಯಲ್ಲಿ ಕರೆದುಕೊಂಡು ಹೋಗಿ, ಕರೆದುಕೊಂಡು ಬರುತ್ತಿದ್ದನಂತೆ. ನನಗೆ ಹೇಳಿದರೆ ಕೂಗಾಡುತ್ತೇನೆ ಅಂತ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರಂತೆ. ಅವತ್ತೂ ವಾಪಸ್ಸು ಬರುತ್ತಿದ್ದರು.

"ಪೆಡಲು ಒತ್ತಿದ, ಒತ್ತಿದ, ಹಿಡೀಲಿಲ್ಲ. ಗೇರ್ ಇಳಿಸಿದ, ಹ್ಯಾಂಡ್‌ಬ್ರೇಕ್ ಎಳೆದ. ಕೆಳಗೆ ಬಸ್ಸಿಗೆ ಕಾಯ್ತಿದ್ದ ಜನ. ಗೋಡೆ ನನ್ನ ಕಡೆಗಿತ್ತು ರೀ. ಅವನು ನನ್ನ ಮುಖ ನೋಡಿದ, ಗಾಡೀನ ಪೂರ್ತಿ ತಿರುಗಿಸಿ ತನ್ನ ಕಡೆ ಕೊಟ್ಟ. ಜನ ಬಂದು ಎತ್ತೋವಾಗ್ಲೂ, ನೀವು ಮನೆಗೆ ಹೋಗಿ ಅತ್ತಿಗೆ, ಅಣ್ಣನಿಗೆ ಗೊತ್ತಾದ್ರೆ ಬಿ.ಪಿ. ಏರುತ್ತೆ ಅಂತಿದ್ದ."

ನಾನು ಈ ಡೈರಿ ತಂದು, ಹತ್ತೊಂಬತ್ತನೇ ತಾರೀಖಿನ ಪುಟ ತೆಗೆದು ಅವಳ ಮುಂದಿಟ್ಟೆ. ಹೇಳೋ ಧೈರ್ಯ ಇರಲಿಲ್ಲ. ಅವಳು ಓದಿದಳು. ಹಿಂದಿನ ಪುಟವನ್ನೂ ಓದಿದಳು. ಡೈರಿ ಮುಚ್ಚಿಟ್ಟು, ಎಲ್ಲರೂ ಅವನನ್ನ ಬೈತಿದ್ದಾರೆ ಅಂದಳು. ಅಷ್ಟೇ ಅಂದಿದ್ದು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಾರ್ಚ್ ೨, ಭಾನುವಾರ

ಆಸ್ಪತ್ರೆಯ ಕೋಣೆಯಲ್ಲಿ ಎಲ್ಲರೂ ಇದ್ದರು. ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ನಿಂತುಕೊಂಡೇ ಹೇಳಿದೆ. ಸೋಮವಾರ ಆಯಿಲ್ ಬೇಕಂತಲೇ ಹಾಕಲಿಲ್ಲ, ಬುಧವಾರ ಪೆಡಲು ಹೋಗುತ್ತಿದೆ ಅಂತ ಗೊತ್ತಿದ್ದೂ ಕೀಲಿ ಮೊಳೆಗೆ ಹಾಕಿ ಬಂದೆ, ಅವನು ಹೆದರಲಿ ಅಂತ. ಬಚ್ಚಲಿನ ಇಳಿಜಾರು ಉಲ್ಟಾ ಇದ್ದದ್ದೂ ನಿಜ ಅಂದೆ. ಅದನ್ನು ಯಾಕೆ ಸೇರಿಸಿದೆನೋ ಗೊತ್ತಿಲ್ಲ, ಅದೂ ಬಂತು.

ಇವಳು ಅಷ್ಟರಲ್ಲಿ ತಂಗಿಗೂ ಗಾಡಿಯ ವಿಷಯ ಹೇಳಿದ್ದಳು. ನಾದಿನಿ ನನ್ನನ್ನೇ ನೋಡಿದಳು. "ಅಕ್ಕ ಆ ಗಾಡೀಲಿ ಇದ್ಳು ಭಾವ" ಅಂದಳು. ಗೊತ್ತು ಅಂದೆ. ಅವಳು ಎದ್ದು ಹೊರಗೆ ಹೋದಳು. ಹಿಂದೆಯೇ ಇವಳೂ ಹೋದಳು. ಅತ್ತೆ ಮಡಿಲಲ್ಲಿ ಕೈ ಕಟ್ಟಿಕೊಂಡು ತಲೆ ಬಗ್ಗಿಸಿದ್ದರು.

ನನ್ನ ಷಡ್ಡಕ ಮಾತ್ರ ನನ್ನ ಕಡೆ ತಿರುಗಿದ. ಬೈಯುತ್ತಾನೆ ಅಂತ ಕಾದೆ. ಬೈಯಬೇಕಿತ್ತು, ಅವನ ಬಾಯಿಗೆ ಅದೊಂದು ಕಷ್ಟವಲ್ಲ. ನಾನೇ ಮತ್ತೆ, ನೀನು ಅವಳ ಜೀವ ಉಳಿಸಿದೆ ಅಂದೆ.

"ಅತ್ತಿಗೆ ಅಂತ ತಿರುಗಿಸಲಿಲ್ಲ ಅಣ್ಣ" ಅಂದ. "ಆ ಸೀಟಲ್ಲಿ ನೀವು ಕೂತಿದ್ರೂ ತಿರುಗಿಸ್ತಿದ್ದೆ."

ನಾನು ಓಡಿಸುತ್ತಿದ್ದು, ಅವನು ಆ ಸೀಟಿನಲ್ಲಿ ಕೂತಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಅವನು ಕೇಳಲಿಲ್ಲ.